ದರಕು ಗುಡಿಸಿದ ಮಧ್ಯಾಹ್ನ

ಕುಂಡಕ್ಕೆ ಹಾಕಲು ಗೊಬ್ಬರದ ಚೀಲ ಬಿಚ್ಚಿದರೆ ಈಗಲೂ ನನಗೆ ಹೇರೂರಿನಲ್ಲಿ ಗೊಬ್ಬರಕ್ಕೆ ಎಲೆ ತರುತ್ತಿದ್ದ ನಮ್ಮ ಸೊಪ್ಪಿನ ಬೆಟ್ಟದ ವಾಸನೆ ಬರುತ್ತದೆ.

ನಾನು ಚಿಕ್ಕವಳಿದ್ದಾಗಿನ ಒಂದು ಬೇಸಿಗೆಯಲ್ಲಿ ಮನೆಯ ಬಾವಿ ಆರಿ, ಬೆಟ್ಟದ ಬುಡದ ಒರತೆಯೊಂದೇ ಉಳಿದಿತ್ತು. ಕೊಟ್ಟಿಗೆಗೆ ಹಾಸಲು ದರಕು, ಅಂದರೆ ಒಣಗಿದ ಎಲೆ, ತರಲು ಅಜ್ಜಿಯ ಜೊತೆ ಹೋಗಿದ್ದೆ. ಮತ್ತಿ ಮರದ ಬುಡವನ್ನು ಅಂಗಳದಂತೆ ಚೊಕ್ಕಟವಾಗಿ ಗುಡಿಸಿ, ಹೊಗಳಿಕೆಗೆ ಕಾದು ನಿಂತೆ. ಅಜ್ಜಿ ನನ್ನ ಬುಟ್ಟಿಯನ್ನು ಅಲ್ಲೇ ಬೋರಲು ಹಾಕಿ, ಎಲೆಯನ್ನೆಲ್ಲ ಮತ್ತೆ ಹರವಿದಳು.

"ಮೇಲಿಂದಷ್ಟೇ ತೆಗಿ ಕೂಸೆ. ಬೆಟ್ಟಕ್ಕೆ ಬಿಸಿಲು ತಾಗ್ತಿಲ್ಯನೇ?"

ಗುಡಿಸದ ಕಡೆ ನನ್ನ ಕೈ ಹಿಡಿದು ಎಲೆಯಡಿಗೆ ತೂರಿಸಿದಳು. ಮಣ್ಣು ಒದ್ದೆಯಾಗಿತ್ತು. ಕೂದಲಿನಂಥ ಬೇರುಗಳು ಕೊಳೆತ ಎಲೆಗಳನ್ನು ಹಿಡಿದುಕೊಂಡಿದ್ದವು.

ಇಳಿಯುವಾಗ ಒರತೆಯ ಹತ್ತಿರ ಬೊಗಸೆಯಲ್ಲಿ ನೀರು ಕುಡಿಸಿ, "ತಂಪಿದ್ದನೇ?" ಎಂದಳು.

ಎಲೆಯಡಿಯ ಮಣ್ಣಿನಷ್ಟೇ ತಂಪಾಗಿತ್ತು.