ಪಣಕ್ಕಿಟ್ಟ ಕನಸು

ನಮ್ಮ ಪಬ್ಬಿನ ಪೋಕರ್ ಮೇಜಿನ ಮೇಲೆ ಹಣ ಇಡುವಂತಿಲ್ಲ. ಬರಿಯ ಮೋಜಿನ ಆಟ. ಸೋತವನು ಅಂದಿನ ರಾತ್ರಿಯ ಕನಸನ್ನು ಗೆದ್ದವನಿಗೆ ಬಿಟ್ಟುಕೊಡಬೇಕು, ಅಷ್ಟೆ. ಮೈಸೂರಿನಲ್ಲಿ ಈಗ ಎಲ್ಲೆಡೆಯೂ ಇದೇ ರೂಢಿ. ಕಳೆದ ಭಾನುವಾರ ನಾನು ಗೆಳೆಯ ನಂಜರಾಜ ಅರಸರಿಗೆ ಸೋತಿದ್ದೆ.

ಈ ಭಾನುವಾರ ಮಧ್ಯಾಹ್ನ ಅವರು ಬಿಯರ್ ಗ್ಲಾಸನ್ನು ಕೆಳಗಿಟ್ಟು ನಕ್ಕರು. “ಮೇಷ್ಟ್ರೇ, ನಿಮ್ಮ ಕನಸಲ್ಲಿ ನಿಮ್ಮ ಮನೆಯವರು ಬಂದಿದ್ರು. ಎಷ್ಟು ಚೆನ್ನಾಗಿ ಮಾತಾಡ್ತಾರೆ ಕಣ್ರೀ!”

ನನ್ನ ಹೆಂಡತಿ ವಿಶಾಲಾಕ್ಷಿ ತೀರಿಕೊಂಡು ನಾಲ್ಕು ವರ್ಷ. ನನ್ನ ಕನಸಿಗೆ ದಿನವೂ ಬರುತ್ತಾಳೆ. ಬೆಳಕಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಒಮ್ಮೆಯೂ ನನ್ನೊಡನೆ ಮಾತಾಡಿದವಳಲ್ಲ.

“ಏನಂದ್ಲು?” ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

“ಕೂತ್ಕೊಳ್ಳಿ ಅಂದ್ರು, ಕಾಫಿ ಕೊಟ್ರು. ಆಮೇಲೆ, ‘ಇವರೆಲ್ಲಿ, ಇವತ್ತೂ ಇಸ್ಪೀಟಿಗೆ ಹೋದ್ರಾ?’ ಅಂತ ಕೇಳಿದ್ರು.”

ಅರಸರು ತುಟಿಯ ನೊರೆಯನ್ನು ಒರೆಸಿಕೊಂಡರು. ಅವಳ ಕಾಫಿಯ ರುಚಿ ಈಗ ಆ ನಾಲಗೆಗೂ ಗೊತ್ತು ಎಂಬುದನ್ನು ನೆನೆದು ನನಗೆ ಹೊಟ್ಟೆಯುರಿಯಿತು.

ಅವರು ಇಸ್ಪೀಟೆಲೆ ಕಲಸತೊಡಗಿದರು. “ಇವತ್ತಿನ ಕನಸೂ ಇಡ್ತೀರಾ?”

“ಇಲ್ಲ, ಅರಸರೇ.”

ಆಗಿನ್ನೂ ಎರಡು ಗಂಟೆ. ಹೊರಗೆ ಬಿಸಿಲು ಸುಡುತ್ತಿತ್ತು. ಬಿರಬಿರನೆ ಮನೆಗೆ ನಡೆದು, ಚಪ್ಪಲಿ ಕಳಚುವ ವ್ಯವಧಾನವೂ ಇಲ್ಲದೆ ಮಲಗಿ ಕಣ್ಣು ಮುಚ್ಚಿಕೊಂಡೆ.