ವೀರಾಚಾರಿ ಕಿವಿ

ನಂಗೆ ಮರೆವು ಬಂದಿದೆ ಅಂತ ಗ್ರೂಪಲ್ಲಿ ಹಾಕಿದ್ದು ಯಾರ್ರೋ? ಮೊದ್ಲು ನಿಮ್ ಹೆಂಡ್ತೀರ ಹುಟ್ಟಿದ ದಿನ ಜ್ಞಾಪಕ ಇಟ್ಕೊಳ್ಳಿ. ಇದು ನಾನು ಅಂಗಡಿ ಮುಂದೆ ನಿಂತು ಕಣ್ಣಾರೆ ಕಂಡಿದ್ದು.

ಕೊಳಲು ಮಾಡೋ ವೀರಾಚಾರಿ ಇದ್ನಲ್ಲ, ಅವನಿಗೂ ಸಂಗೀತದ ಮೇಷ್ಟ್ರಿಗೂ ಒಂದಿನ ಜಗಳ ಹತ್ಕೊಳ್ತು.

"ಊದೋನು ಸರಿಯಾಗಿದ್ರೆ ಬಿದಿರಾದ್ರೇನು, ನಲ್ಲಿ ಪೈಪಾದ್ರೇನು? ನಾದ ಒಂದೇ ಆಚಾರ್ರೇ" ಅಂದ್ರು ಮೇಷ್ಟ್ರು.

"ನನ್ನ ಅಂಗಡೀಲಿ ಅಪ್ಪಟ ಬಿದಿರು ಬಿಟ್ರೆ ಬೇರೆ ಮಾರಲ್ಲ ಸ್ವಾಮಿ! ನನ್ನ ಕಣ್ಣು ಕಟ್ಟಿ ಊದ್ರಿ, ಬಿದಿರೋ ಪೈಪೋ ಹೇಳ್ತೀನಿ. ತಪ್ಪಿದ್ರೆ ಇವತ್ತೇ ಬಾಗಿಲು ಹಾಕ್ತೀನಿ."

ಬೀದಿಗೆ ಬೀದಿನೇ ಸೇರ್ತು. ಅವನ ಕಣ್ಣಿಗೆ ಟವಲ್ ಕಟ್ಟಿದವನು ನಾನೇ. ಮೇಷ್ಟ್ರು ಎರಡು ಕೊಳಲು ತಂದಿದ್ರು, ಎರಡರಲ್ಲೂ ಮೋಹನ ರಾಗ ಊದಿದ್ರು.

"ಥೂ, ಎರಡೂ ಪೈಪು!" ಅಂದ ವೀರಾಚಾರಿ.

ಮೇಷ್ಟ್ರು ಹೊಟ್ಟೆ ಹಿಡ್ಕೊಂಡು ನಕ್ರು. "ಮೊದಲನೇದು ಪೈಪು, ಒಪ್ಕೊಂಡೆ. ಎರಡನೇದು ಬೆಳಿಗ್ಗೆ ನಿಮ್ಮ ಅಂಗಡೀಲೇ, ನಿಮ್ಮ ಮನೆಯವ್ರ ಕೈಯಿಂದ್ಲೇ ತಗೊಂಡಿದ್ದು!"

"ಆಚಾರಿಗೆ ಕಿವಿ ಹೋಯ್ತು! ಬಾಗಿಲು ಹಾಕ್ಸಿ!" ಅಂತ ಜನ ಕೂಗಿದ್ರು.

ಅವನಿಗೆ ರೋಷ ಉಕ್ಕಿ ಬಂತು. ಟವಲ್ ಕಿತ್ತೆಸೆದ, ಆ ಕೊಳಲು ಕಸ್ಕೊಂಡ, ಚಾಕು ತಗೊಂಡು ಪರಪರ ಅಂತ ಕೆರೆದ.

"ಕಣ್ಣು ಬಿಟ್ಟು ನೋಡ್ರಯ್ಯಾ, ಒಳಗೆ ಬಿಳೀ ಪೈಪು! ಬಿದಿರಿನ ಗೆಣ್ಣು ಸಮೇತ ಬಣ್ಣ ಬರೆದಿದ್ದು ನಾನೇ. ನನ್ನ ಕಿವಿ ಸುಳ್ಳು ಹೇಳುತ್ತಾ?"

ಇದನ್ನ ಎಲ್ರಿಗೂ ಕಳಿಸ್ರಪ್ಪ. ಅವನ ಹತ್ರ ಕೊಳಲು ತಗೊಂಡೋರಿಗೆ ಮೊದ್ಲು.