ಬೇರು ಸಮೇತ

"ನರ್ಸರಿಯ ಹೊಸ ಬೋರ್ಡಲ್ಲಿ ನಿನ್ನ ಹೆಸರಿದೆ, ನಿನ್ನ ಮಗನ ಹೆಸರೂ ಇದೆ. ಗಿಡ ಬೆಳೆಸಿದವಳು ಎಲ್ಲಿ ಸತ್ಲು, ಅಣ್ಣ?"

"ಹೆಣ್ಣುಮಗಳ ಹೆಸರು ಬೀದಿಗೆ ಯಾಕೆ ಅಂತ ಬಿಟ್ಟೆ ಕಣೆ."

"ಬಿಸಿಲಲ್ಲಿ ಗುದ್ದಲಿ ಹಿಡಿಯೋವಾಗ ನಾನು ಹೆಣ್ಣುಮಗಳಲ್ವಾ? ನನ್ನ ಮರ ನನಗೆ ಕೊಡು, ಹೊರಟೆ."

ಅಣ್ಣ ಕುರ್ಚಿಗೆ ಒರಗಿ ನಕ್ಕ. ಇಂಥ ಜಗಳ ಆ ನರ್ಸರಿಗೆ ಹೊಸದಲ್ಲ. ಬೆಳಿಗ್ಗೆ ಸಿಡುಕಿ ಹೊರಟ ತಂಗಿ, ಸಂಜೆ ಗಿಡಗಳಿಗೆ ನೀರು ಬಿಡುವ ಹೊತ್ತಿಗೆ ಮೂತಿ ಊದಿಸಿಕೊಂಡೇ ವಾಪಸು ಬರುತ್ತಿದ್ದಳು. ವ್ಯಾಪಾರ ನಡೆಯುತ್ತಿದ್ದುದು ಅವಳ ಕೈಗುಣದಿಂದ, ಮತ್ತೆ ಬಾವಿ ಪಕ್ಕದಲ್ಲಿ ಅವಳೇ ನೆಟ್ಟು ಬೆಳೆಸಿದ ಸಪೋಟ ಮರದಿಂದ. ಅದರ ಕಡ್ಡಿ ತೆಗೆದು ಕಟ್ಟಿದ ಕಸಿಗೆಂದೇ ಜನ ದೂರದಿಂದ ಬರುತ್ತಿದ್ದರು. ಆದರೆ ಎರಡಾಳೆತ್ತರದ ಮರ ಅದು. ಕಂಕುಳಲ್ಲಿ ಇಟ್ಟುಕೊಂಡು ಹೋಗಲು ಕುಂಡದ ಗುಲಾಬಿಯೇ?

"ತಗೊಂಡು ಹೋಗು," ಎಂದ, ಗಿಡ ಕೊಳ್ಳಲು ಬಂದವರಿಗೂ ಕೇಳುವ ಹಾಗೆ. "ಬೇರು ಸಮೇತ ಎತ್ತಿದರೆ ನಿಂದೇ. ತಡೆದರೆ ನನ್ನ ಮೀಸೆ ಬೋಳಿಸು."

ಮಧ್ಯಾಹ್ನ ಟ್ರ್ಯಾಕ್ಟರೇ ಬಂತು, ಮುಂದೆ ಮಣ್ಣೆತ್ತುವ ಬಕೆಟ್ಟು ಕಟ್ಟಿಕೊಂಡು. ತಂಗಿ ಡ್ರೈವರನ ಪಕ್ಕದಲ್ಲಿ ಚಕ್ರದ ಮೇಲಿನ ತಗಡಿನ ಮೇಲೆ ಕೂತಿದ್ದಳು. ಅಣ್ಣ ನಾಟಕ ನೋಡುವವನ ಹಾಗೆ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡ. ಮರ ಏಳುವುದಿಲ್ಲ, ನಿನ್ನ ಗಾಡಿಯೇ ಮಗುಚಿಕೊಳ್ಳುತ್ತದೆ ಎಂದು ಡ್ರೈವರನನ್ನು ಛೇಡಿಸಿದ. ಬಕೆಟ್ಟು ಬುಡಕ್ಕೆ ನುಗ್ಗಿತು. ಇಂಜಿನ್ನು ಒಮ್ಮೆ ಗುರ್ರೆಂದಿತು. ಅಡಿಯಲ್ಲಿ ಒಂದೆರಡು ಬೇರು ಪಟ್ಟೆಂದವು, ಅಷ್ಟೇ. ಗಡಿಗೆಯಿಂದ ಗಟ್ಟಿಮೊಸರು ತೆಗೆದ ಹಾಗೆ ಮರ ಮಣ್ಣಿನ ಹೆಂಟೆಯ ಸಮೇತ ಮೇಲೆದ್ದಿತು.

ಹೆಂಟೆಯ ಸುತ್ತ ಕೂದಲಿನಂತೆ ಬಿಳಿ ಬೇರು, ಹೊಸ ಬೇರು. ಅಣ್ಣ ಎದ್ದು ನಿಂತ. ದೊಡ್ಡ ಮರ ಸಾಗಿಸಬೇಕಾದರೆ ವರ್ಷ ಮೊದಲೇ ಸುತ್ತ ಕಾಲುವೆ ತೋಡಿ ಬೇರು ಕತ್ತರಿಸಿಡಬೇಕು, ಒಳಗೇ ಹೊಸ ಬೇರು ಒಡೆದ ಮೇಲೆ ಎತ್ತಬೇಕು ಎಂದು ತಂಗಿ ಗಿರಾಕಿಗಳಿಗೆ ಹೇಳುವುದನ್ನು ಅವನು ಆಕಳಿಸುತ್ತ ಎಷ್ಟೋ ಸಲ ಕೇಳಿದ್ದ. ಹೋದ ವರ್ಷ ಅವಳು ಈ ಮರದ ಸುತ್ತಲೂ ಕಾಲುವೆ ತೋಡಿದ್ದಳು. ಗೊಬ್ಬರಕ್ಕೆ ಇರಬೇಕು ಎಂದುಕೊಂಡಿದ್ದ.

ತಂಗಿ ಹೆಂಟೆಗೆ ಒದ್ದೆ ಗೋಣಿ ಸುತ್ತಿ ಹಗ್ಗ ಬಿಗಿದಳು. "ಅತ್ತಿಗೆ, ಬರ್ತೀನಿ," ಎಂದಳು, ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಗೆ. ಅಣ್ಣನ ಕಡೆ ತಿರುಗಿಯೂ ನೋಡಲಿಲ್ಲ. ಮರ ಹೊತ್ತ ಟ್ರ್ಯಾಕ್ಟರು ಗೇಟು ದಾಟುವಾಗ ಸಪೋಟದ ಕೊಂಬೆ ತಗುಲಿ ಹೊಸ ಬೋರ್ಡು ಓರೆಯಾಯಿತು.

"ಸಂಜೆಗೆ ಬರ್ತಾಳೆ ಬಿಡು," ಎಂದ ಅಣ್ಣ.

ಹೆಂಡತಿ ಗುಂಡಿಯೊಳಗೆ ಬಗ್ಗಿ ನೋಡಿದಳು. "ಆ ಕಾಲುವೆಗೆ ಬುಟ್ಟಿ ಬುಟ್ಟಿ ಗೊಬ್ಬರ ಹೊತ್ತು ಸುರಿದವರು ನೀವೇ ಅಲ್ವಾ?" ಎಂದಳು. ಆಮೇಲೆ ನೀರಿನ ಪೈಪು ಎಳೆದು ತಂದು ಅವನ ಕೈಗೆ ಕೊಟ್ಟಳು.

ಇವತ್ತಿಗೂ ಸಂಜೆಯಾದರೆ ಆ ಪೈಪು ಅವನ ಕೈಯಲ್ಲೇ.